ಕಾಯಿಲೆ ಬಾರದವಳ ರಕ್ತ

ಕೇಳುವಾಗ ಬೇಕಾದ್ದಕ್ಕಿಂತ ಹೆಚ್ಚು ಕೇಳಬೇಕು, ಆಮೇಲೆ ಇಳಿಯಬೇಕು. ಹೊಸನಗರದ ಸುತ್ತಿನ ಮನೆಗಳಿಂದ ಕಾಡಿನ ಹುಳಿಕಾಯಿ ಉಪ್ಪಾಗೆ, ಸೀಗೆಕಾಯಿ ಕೊಂಡು ಸಾಗರದಲ್ಲಿ ಮಾರುತ್ತ ನಾನು ನನ್ನ ಕಾಲ ಮೇಲೆ ನಿಂತದ್ದು ಹೀಗೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ಇದನ್ನೇ ಹೇಳುತ್ತೇನೆ. ಅಕ್ಕನ ಮಗಳಿಗೂ ಹೇಳಲು ಹೋದೆ.

ಅವಳು ವಿಜ್ಞಾನಿ. ರೋಗಾಣು ಒಳಹೊಕ್ಕಾಗ ನಮ್ಮ ಮೈ ಹೇಗೆ ಎದುರು ನಿಲ್ಲುತ್ತದೆ ಎಂದು ಹುಡುಕುವುದು ಅವಳ ಕೆಲಸ. ಅದಕ್ಕೆ ಯುವ ವಿಜ್ಞಾನಿಗಳ ಪ್ರಶಸ್ತಿಯೂ ಬಂದು, ಪೇಪರಿನಲ್ಲಿ ಫೋಟೋ ಹಾಕಿದ್ದರು. ಆದರೆ ಮಂಗನ ಕಾಯಿಲೆಯಿಂದ ಎದ್ದವರ ರಕ್ತ ಬೇಕೆಂದು ನರ್ಸೊಬ್ಬಳನ್ನು ಕರೆದುಕೊಂಡು ಹುಲಿಕಲ್ ಕಡೆ ಮೂರು ದಿನ ತಿರುಗಿದರೂ ಒಬ್ಬರೂ ತೋಳು ಚಾಚಲಿಲ್ಲ. ಮಳೆ ಹಿಡಿಯುವುದರೊಳಗೆ ರಕ್ತ ಸಿಗದಿದ್ದರೆ ಈ ವರ್ಷದ ಕೆಲಸವೇ ಹೋಯಿತು ಎಂದು ಅಳುಮುಖ ಮಾಡಿದಳು.

"ನಾ ಬರ್ತೀನಿ, ನೀ ಸುಮ್ನಿರು ಮಾರಾಯ್ತಿ," ಅಂದೆ.

ನರ್ಸನ್ನೂ ಕರೆದುಕೊಂಡು ಮೊದಲು ಹೋದದ್ದು ನನಗೆ ಉಪ್ಪಾಗೆ ಕೊಡುವ ಮನೆಗೆ. ಅಲ್ಲಿಯ ಮನೆಯಾಕೆ ಕೊಟ್ಟಿಗೆಗೆ ಹಾಸಲು ದರಗೆಲೆ ತರಲೆಂದು ಗುಡ್ಡಕ್ಕೆ ಹೋಗಿ, ಈ ಕಾಯಿಲೆ ಹರಡುವ ಉಣುಗು ಹುಳ ಕಚ್ಚಿಸಿಕೊಂಡು, ಆಸ್ಪತ್ರೆ ಸೇರಿ ಎದ್ದು ಬಂದವಳು. ಬೇಕಾದ್ದು ಒಂದೇ ಒಂದು ಸಣ್ಣ ಟ್ಯೂಬು. ನಾನು ನನ್ನ ಕ್ರಮದಂತೆ, "ಎರಡು ಬಾಟ್ಲಿ ರಕ್ತ ಬೇಕಿತ್ತು ಕಣೇ," ಎಂದು ಶುರು ಮಾಡಿದೆ.

"ಎರಡು ಬಾಟ್ಲಿನಾ? ಉಪ್ಪಾಗೆ ರೇಟಲ್ಲಿ ಹಿಂಡಿದ್ದು ಸಾಲ್ದಾ ನಿಂಗೆ?" ಆಕೆ ಎದ್ದು ಒಳಗೆ ಹೊರಟಳು. ಒಂದಕ್ಕೆ ಇಳಿದೆ, ಅರ್ಧಕ್ಕೆ ಇಳಿದೆ. ನಾನು ಇಳಿದಷ್ಟೂ ಆಕೆಯ ಅನುಮಾನ ಏರಿತು.

ಅಕ್ಕನ ಮಗಳು ಖಾಲಿ ಟ್ಯೂಬು ತೆಗೆದು ಜಗಲಿಯ ಮೇಲಿಟ್ಟಳು. "ಇಷ್ಟೇ ಅಕ್ಕಾ. ಚಿಕ್ಕಮ್ಮ ಹೇಳಿದ್ದು ಸುಳ್ಳು. ಕೊಟ್ರೆ ನಿಮಗೇನೂ ಲಾಭ ಇಲ್ಲ."

ನಾನು ಹಣೆ ಚಚ್ಚಿಕೊಂಡೆ. ಲಾಭ ಇಲ್ಲ ಎಂದು ಹೇಳಿ ಯಾರಾದರೂ ಮಾತು ಕುದುರಿಸುತ್ತಾರೆಯೇ?

ಮನೆಯಾಕೆ ಮಾತ್ರ ನಿಂತಳು. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, "ನಂದೆಂತಕೆ? ನಮ್ಮ ವಾರಗಿತ್ತಿದು ತಗಳಿ. ಒಂದೇ ದಿನ, ಒಂದೇ ಗುಡ್ಡ, ಇಬ್ರಿಗೂ ಉಣುಗು ಕಚ್ಚಿತ್ತು. ನಾನು ಆಸ್ಪತ್ರೆಲಿ ಬಿದ್ದಿದ್ರೆ ಇವ್ಳು ಹಲಸಿನ ಹಪ್ಪಳ ಒತ್ತಾ ಇದ್ಲು. ಅದೆಂತ ಹಂಗೆ?" ಅಂದಳು.

ಅಕ್ಕನ ಮಗಳ ಮುಖ ಪೇಪರಿನ ಫೋಟೋದಲ್ಲೂ ಅಷ್ಟು ಅರಳಿರಲಿಲ್ಲ. "ಅವ್ರಿಗೆ ಕಚ್ಚಿದ ಉಣುಗಲ್ಲಿ ರೋಗಾಣು ಇರ್ಲೇ ಇಲ್ವೋ, ಇದ್ರೂ ಅವ್ರ ಮೈ ಓಡಿಸ್ತೋ! ಇಬ್ರದ್ದೂ ಜೊತೆಗಿಟ್ಟು ನೋಡ್ಬೇಕು."

ಅಷ್ಟರಲ್ಲಿ ವಾರಗಿತ್ತಿಯೇ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಕೊಡ್ತೀನಿ. ಆದ್ರೆ ಎಂತ ಗೊತ್ತಾಯ್ತು ಅಂತ ನೀನೇ ಬಂದು ಹೇಳ್ಬೇಕು."

"ಬರ್ತಾಳೆ, ಎಲ್ಲ ಹೇಳ್ತಾಳೆ," ಎಂದು ನಾನು ಅವಸರದಲ್ಲಿ ಮುಗಿಸಹೊರಟೆ.

"ಏನೂ ಗೊತ್ತಾಗ್ದೆನೂ ಇರಬಹುದು," ಎಂದಳು ಹುಡುಗಿ. "ಆಗ್ಲೂ ಬಂದು, ಗೊತ್ತಾಗ್ಲಿಲ್ಲ ಅಂತ ಹೇಳ್ತೀನಿ."

ವಾರಗಿತ್ತಿ ಜಗಲಿಯಲ್ಲಿ ಕೂತು ತೋಳು ಚಾಚಿದಳು. ಮನೆಯಾಕೆಯೂ ಪಕ್ಕದಲ್ಲಿ ಕೂತಳು. ಒಪ್ಪಿಗೆ ಕಾಗದ ಓದಿಸಿ, ಸಹಿ ಹಾಕಿಸಿಕೊಂಡು, ನರ್ಸು ಸೂಜಿ ತೆಗೆದಾಗ ವಾರಗಿತ್ತಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. "ಉಣುಗಿಗೆ ಹೆದರದೋಳು ಸೂಜಿಗೆ ಹೆದರ್ತಾಳೆ ನೋಡಿ," ಎಂದು ಮನೆಯಾಕೆ ನಕ್ಕಳು.

ಟ್ಯೂಬುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದಾಗ ಪಕ್ಕದ ಮನೆಯವಳು ಬೇಲಿ ದಾಟಿ ಬಂದಳು. "ಮುಚ್ಬೇಡಿ, ತಡೀರಿ. ನಮ್ಮನೇಲೂ ಯಜಮಾನ್ರಿಗೆ ಬಂದಿತ್ತು, ನಂಗೆ ಬರ್ಲಿಲ್ಲ. ಅದೆಂತಕೆ?"