ಹುಳದ ಮಾತ್ರೆಯ ಡಬ್ಬಿ

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಹೇಳುವಷ್ಟು ಸುಳ್ಳನ್ನು ಕಟಕಟೆಯಲ್ಲಿ ನಿಂತವರೂ ಹೇಳುವುದಿಲ್ಲ. ನಾಯಿ ನಾಲ್ಕು ಕಾಲನ್ನು ನಾಲ್ಕು ದಿಕ್ಕಿಗೆ ಹಾಕಿಕೊಂಡು ತೂರಾಡುತ್ತಿರುತ್ತದೆ. ಅದರ ಬಾಯಿಂದ ಬಿಯರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತಿರುತ್ತದೆ. ಏನು ತಿಂತು ಎಂದು ಕೇಳಿದರೆ, "ಏನೂ ಇಲ್ಲ, ಮನೆ ಊಟಾನೇ" ಎಂಬ ಉತ್ತರ. ಹೇಳುವವರ ಮುಖದಲ್ಲಿ ಹಾಲು ಕುಡಿದ ಮಗುವಿನ ಕಳೆ.

ನಾನೂ ಆ ಬೆಂಚಿನ ಮೇಲೆ ಕೂತವನೇ. ನಮ್ಮ ಮನೆಯ ನಾಯಿಮರಿಯ ತಟ್ಟೆಗೆ ರಮ್ಮು ಸುರಿದವನು ಒಬ್ಬ ಗೆಳೆಯ. ಅದು ಗೋಡೆಗೆ ಡಿಕ್ಕಿ ಹೊಡೆದಾಗ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನು. ಮರುದಿನ ಬೆಳಿಗ್ಗೆ ಅದು ಏಳದೆ ಹೋದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ, "ಬೀದೀಲಿ ಏನೋ ತಿಂದಿರ್ಬೇಕು" ಎಂದವನೂ ನಾನೇ. ಅಲ್ಲಿನ ಕಾಂಪೌಂಡರ್ ನನಗೆ ಪರಿಚಯವಾದದ್ದು ಹಾಗೆ.

ಇಪ್ಪತ್ತೆರಡು ವರ್ಷ ಸೇವೆಯಾದ ಮನುಷ್ಯ. ಎರಡೂ ಮುಂಗೈ ಮೇಲೆ ಉಗುರು, ಹಲ್ಲುಗಳ ಹಳೆಯ ಗೀರು. ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದರು. ಅಲ್ಲಿ ಒಂದು ಸಿಂಕು, ಔಷಧಿಯ ಕಪಾಟು, ಒಂದು ಸ್ಟೂಲು. ನನಗೆ ಬೆನ್ನು ಹಾಕಿ ಕೈ ತೊಳೆಯುತ್ತಾ ನಿಂತರು.

"ಬೈಯಲ್ಲ. ಯಾರಿಗೂ ಹೇಳಲ್ಲ. ಎಷ್ಟು ಕುಡೀತು ಅಂತ ಮಾತ್ರ ಹೇಳಿ. ಇಲ್ಲಿ ನಾಯಿ ತೂಕ ಮುಖ್ಯ, ನಿಮ್ಮ ಮರ್ಯಾದೆ ಅಲ್ಲ."

ಮುಖ ನೋಡಬೇಕಾಗಿಲ್ಲವಾದ್ದರಿಂದ ಬಾಯಿ ಬಿಟ್ಟೆ. ಅದು ಅವರ ವಿದ್ಯೆ. ನಲ್ಲಿ ತಿರುಗಿಸಿ, ಬೆನ್ನು ತೋರಿಸಿ, ಊರಿನ ಎಲ್ಲರ ಗುಟ್ಟನ್ನೂ ಹೊರಗೆ ತೆಗೆಯುತ್ತಿದ್ದರು. ಡಾಕ್ಟರ್ ಮೇಡಂ ಕೂಡ ಕಷ್ಟದ ಗಿರಾಕಿಗಳನ್ನು ಅವರ ಕೋಣೆಗೇ ದಾಟಿಸುತ್ತಿದ್ದರು.

ಬಾರಿನ ಮಾಲೀಕನೊಬ್ಬ ಗಿಣಿ ತಂದಿದ್ದನಂತೆ. ಬ್ರೆಡ್ಡಿನ ಚೂರನ್ನು ಬ್ರಾಂದಿಯಲ್ಲಿ ಅದ್ದಿ ತಿನ್ನಿಸಿದರೆ ಅದು ಗಿರಾಕಿಗಳಿಗೆಲ್ಲ ಬೈಯುತ್ತಿತ್ತು, ಗಿರಾಕಿಗಳು ಖುಷಿಯಾಗಿ ಇನ್ನೊಂದು ಪೆಗ್ ಹೇಳುತ್ತಿದ್ದರು.

"ಕುಡೀದಿದ್ರೆ ಇದು ಬಾಯೇ ಬಿಡಲ್ಲ ಸಾರ್."

"ಮಾಲೀಕರ ಗುಣಾನೇ ಬಂದಿದೆ ಬಿಡಿ," ಎಂದರಂತೆ ಕಾಂಪೌಂಡರ್.

ಇನ್ನೊಬ್ಬ ಬೆಕ್ಕಿನ ಮುಖಕ್ಕೆ ಗಾಂಜಾ ಹೊಗೆ ಊದಿ, ಅದು ಗಾಳಿಯಲ್ಲಿ ಇಲ್ಲದ ಇಲಿಯನ್ನು ಹಿಡಿಯಹೋಗುವುದನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದ. ಹೀಗೆ ಸಿಕ್ಕಿಬಿದ್ದವರೆಲ್ಲರ ಕೊನೆಯ ಅಸ್ತ್ರ ಒಂದೇ: "ಕಾಡಲ್ಲಿ ಆನೇನೇ ಕೊಳೆತ ಹಣ್ಣು ತಿಂದು ತೂರಾಡುತ್ತಂತೆ, ಇದೇನ್ ಮಹಾ?"

ಆನೆಗೆ ನಿಜವಾಗಿ ಅಮಲೇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳುವವರೂ ನೋಡಿದವರಲ್ಲ. ಇಷ್ಟಂತೂ ಗೊತ್ತು: ಕಾಡಿನಲ್ಲಿ ಹಣ್ಣನ್ನು ಮೂಸುವುದು ಆನೆ, ತಿನ್ನುವುದು ಬಿಡುವುದು ಅದರ ಸೊಂಡಿಲಿಗೆ ಬಿಟ್ಟದ್ದು. ಸಾಕಿದ ಪ್ರಾಣಿ ಹಣ್ಣನ್ನು ಮೂಸುವುದಿಲ್ಲ, ನಮ್ಮ ಕೈಯನ್ನು ಮೂಸುತ್ತದೆ. ಕೈ ಪರಿಚಯದ್ದಾದರೆ ಅದರಲ್ಲಿ ಏನಿದ್ದರೂ ನುಂಗುತ್ತದೆ. ಆ ನಂಬಿಕೆಗೆ ರಮ್ಮು ಸುರಿಯುವವರು ನಾವು. ಮೇಲಿಂದ ಆನೆಯ ಮೇಲೆ ಗೂಬೆ ಕೂರಿಸುವವರೂ ನಾವು.

ಕಾಂಪೌಂಡರ್ ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು. ಹಾಗಾಗಿಯೇ ಅವರ ಮನೆಯಲ್ಲಿ ನಡೆದದ್ದನ್ನು ಅವರು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಇದನ್ನು ಬರೀರಿ ಎಂದವರೂ ಅವರೇ.

ಅವರ ಮನೆಯ ನಾಯಿಯನ್ನು ದೊರೆ ಎಂದು ಕರೆಯುತ್ತಾರೆ. ಬೀದಿಯಿಂದ ಬಂದು ಕುರ್ಚಿ ಹಿಡಿದ ಜೀವ, ಇಪ್ಪತ್ತು ಕಿಲೋ ತೂಕ. "ದೊರೆಗಳು ಸ್ವಲ್ಪ ಕಾಲು ಎತ್ತಿದ್ರೆ ಕಸ ಗುಡಿಸ್ತೀವಿ" ಎಂದು ಕಾಂಪೌಂಡರ ತಾಯಿ ದಿನಾ ಬೆಳಿಗ್ಗೆ ಅದಕ್ಕೆ ಅರ್ಜಿ ಹಾಕುತ್ತಿದ್ದರು. ಅತ್ತೆ, ಸೊಸೆ, ಮಗ, ದೊರೆ. ಮನೆಯಲ್ಲಿ ನಾಲ್ಕೇ ಜೀವ.

ಫಿಟ್ಸ್ ಬರುವ ನಾಯಿಗಳಿಗೆ ದಿನಕ್ಕೆರಡು ಹೊತ್ತು ಕೊಡುವ ಸಣ್ಣ ಬಿಳಿ ಮಾತ್ರೆಗಳಿವೆ. ಮಂಪರು ತರಿಸುವ ಮದ್ದು. ನಾಯಿ ಸತ್ತ ಮೇಲೆ ಉಳಿದ ಮಾತ್ರೆಗಳನ್ನು ಕೆಲವರು ಆಸ್ಪತ್ರೆಗೇ ತಂದು ಕೊಡುತ್ತಾರೆ. ಅವನ್ನು ಡಾಕ್ಟರ ಎದುರು ನಾಶ ಮಾಡಬೇಕು. ಮೂರು ವರ್ಷದ ಹಿಂದೆ ಒಂದು ವಾರ ಕಾಂಪೌಂಡರಿಗೆ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಸತ್ತ ನಾಯಿಯೊಂದರ ಮಾತ್ರೆಯಲ್ಲಿ ಅರ್ಧ ಮುರಿದು ನುಂಗಿದರು. ಒಳ್ಳೆಯ ನಿದ್ದೆ ಬಂತು. ಅರ್ಧ ಒಂದಾಯಿತು, ಒಂದು ಎರಡಾಯಿತು. ಆಮೇಲೆ ಯಾರಾದರೂ ಅಳುತ್ತಾ ಮಾತ್ರೆ ಹಿಂದಿರುಗಿಸಲು ಬಂದರೆ, ಬಾಯಿ "ಅಯ್ಯೋ ಪಾಪ" ಎನ್ನುತ್ತಿತ್ತು, ಕೈ ಜೇಬಿಗೆ ಹೋಗುತ್ತಿತ್ತು.

ಮನೆಯಲ್ಲಿ ಎಲ್ಲಿ ಬಚ್ಚಿಡುವುದು? ಹಾಸಿಗೆಯಡಿ ಹೆಂಡತಿಯ ಕೈ, ಅಂಗಿಯ ಜೇಬಿನಲ್ಲಿ ತಾಯಿಯ ಕೈ. ಯಾರೂ ಮುಟ್ಟದ ಜಾಗ ಒಂದೇ, ನಾಯಿಯ ಔಷಧಿಯ ಗೂಡು. ಹೊಟ್ಟೆಹುಳದ ಮಾತ್ರೆಯ ಖಾಲಿ ಡಬ್ಬಿಯೊಂದಿತ್ತು, ಚೀಟಿ ಇನ್ನೂ ಹೊಳೆಯುತ್ತಿತ್ತು. ಅದರಲ್ಲಿ ತುಂಬಿಟ್ಟರು. ಚಾಪೆ ಕೆಳಗೆ ತೂರುವವನಿಗಿಂತ ರಂಗೋಲಿ ಕೆಳಗೆ ತೂರುವವನು ಜಾಣ ಅಂದುಕೊಂಡರು.

ಒಂದು ಭಾನುವಾರ ಅವರಿಗೆ ಡ್ಯೂಟಿ ಇತ್ತು. ದೊರೆ ನೆಲಕ್ಕೆ ಹಿಂಭಾಗ ಉಜ್ಜುತ್ತಾ ಅಂಗಳ ಸುತ್ತುವುದನ್ನು ಹೆಂಡತಿ ನೋಡಿದರು. ಹುಳವಾಗಿದೆ ಎಂದು ತಿಳಿಯಿತು. ಗಂಡನಿಗೆ ವಾರಕ್ಕೊಂದು ದಿನವೂ ಬಿಡುವಿಲ್ಲ, ಇದೊಂದು ಕೆಲಸವಾದರೂ ತಪ್ಪಲಿ ಎಂದು ಡಬ್ಬಿ ತೆಗೆದರು. ಹೋದ ಸಲ ಗಂಡ ಎರಡು ಮಾತ್ರೆ ಕೊಟ್ಟದ್ದು ನೆನಪಿತ್ತು. ಅವು ಕೋಟಿನ ಗುಂಡಿಯಷ್ಟು ದೊಡ್ಡವು. ಇವು ಅಂಗಿಯ ಗುಂಡಿಗಿಂತ ಚಿಕ್ಕವು. ಒಂದಕ್ಕೆ ನಾಲ್ಕರ ಲೆಕ್ಕದಲ್ಲಿ ಎಂಟು ಎಣಿಸಿದರು. ಗಂಡ ಕಲಿಸಿಕೊಟ್ಟಂತೆಯೇ ಬ್ರೆಡ್ಡಿನ ಉಂಡೆಯೊಳಗೆ ಹುದುಗಿಸಿ, ಮೊದಲು ಒಂದು ಖಾಲಿ ಉಂಡೆ, ಆಮೇಲೆ ಮದ್ದಿನ ಉಂಡೆ, ಹೀಗೆ ಒಂದೂ ಉಗಿಯದಂತೆ ತಿನ್ನಿಸಿದರು.

ಹನ್ನೊಂದರ ಹೊತ್ತಿಗೆ ಆಟೋದಿಂದ ಅತ್ತೆ ಸೊಸೆ ದೊರೆಯನ್ನು ಬೆಡ್‌ಶೀಟಿನಲ್ಲಿ ಹೊತ್ತುಕೊಂಡು ಇಳಿದರು. ನಾಲಿಗೆ ಹೊರಗಿತ್ತು. ಕಣ್ಣು ತೆರೆದಿದ್ದರೂ ಯಾರ ಗುರುತನ್ನೂ ಹಿಡಿಯುತ್ತಿರಲಿಲ್ಲ.

"ರೀ, ಹುಳದ ಮಾತ್ರೆ ಕೊಟ್ಟೆ ಕಣ್ರೀ. ಅಷ್ಟೇ. ಬೇರೇನೂ ಕೊಟ್ಟಿಲ್ಲ."

ಅವರ ಕೈಯಲ್ಲಿ ಡಬ್ಬಿ ಇತ್ತು. ಕಾಂಪೌಂಡರಿಗೆ ಆ ಕ್ಷಣದಲ್ಲೇ ಎಲ್ಲವೂ ತಿಳಿಯಿತು. ಡಬ್ಬಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

"ಗೊತ್ತಿಲ್ದಿದ್ರೆ ಕೇಳ್ಬೇಕಪ್ಪ," ಎಂದರು ತಾಯಿ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವಂತೆ. "ಇವಳು ಎಲ್ಲದರಲ್ಲೂ ಮುಂದೆ. ಇಪ್ಪತ್ತು ವರ್ಷ ಆಸ್ಪತ್ರೇಲಿ ಇರೋನು ಇವನೋ ನೀನೋ?"

"ಅತ್ತೆ, ಹೊಟ್ಟೆಹುಳಕ್ಕೆ ಅಂತ ಅದರ ಮೇಲೇ ಬರೆದಿತ್ತು..."

"ಬರೆದಿತ್ತಂತೆ!"

ಕಾಂಪೌಂಡರ್ ದೊರೆಯನ್ನು ಎತ್ತಿ ಒಳಗಿನ ಮೇಜಿನ ಮೇಲೆ ಮಲಗಿಸಿದರು.

ಡಾಕ್ಟರ್ ಮೇಡಂ ರೆಪ್ಪೆ ಎತ್ತಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ಹುಳದ ಮಾತ್ರೆಗೆ ಹೀಗಾಗಲ್ಲ. ಅಂಗಳದಲ್ಲಿ ಹಾವು ಗೀವು ಇತ್ತಾ? ಕಾಲಿನ ಕೂದಲು ತೆಗೀರಿ, ಕಡಿದ ಗುರುತು ನೋಡೋಣ."

ಕಾಂಪೌಂಡರ್ ಕೂದಲು ತೆಗೆಯುವ ಯಂತ್ರ ಹಿಡಿದರು. ಮುಂದಿನ ಎಡಗಾಲು, ಬಲಗಾಲು, ಆಮೇಲೆ ಹಿಂದಿನವು. ಇಲ್ಲದ ಹಾವಿನ ಇಲ್ಲದ ಹಲ್ಲಿನ ಗುರುತನ್ನು ಚರ್ಮ ಬಿಡಿಸಿ ಬಿಡಿಸಿ ಹುಡುಕಿದರು. ಬೆರಳ ಸಂದಿಯನ್ನೂ ಬಿಡಲಿಲ್ಲ. ಎಂದೂ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿರಲಿಲ್ಲ ಎಂದು ಅವರೇ ನನಗೆ ಹೇಳಿದರು. ನೌಕರಿ ಹೋಗುತ್ತದೆ ಎಂಬ ಹೆದರಿಕೆ ಮೊದಲನೆಯದು. ಬೆಂಚಿನಲ್ಲಿ ಕೂತವರ ಕಣ್ಣು ಎರಡನೆಯದು. ದೊರೆ ಮೂರನೆಯದಾಗಿತ್ತಂತೆ. "ಮೂರನೇದು ಸಾರ್," ಎಂದು ಎರಡು ಸಲ ಅಂದರು.

ಗುರುತು ಸಿಗಲಿಲ್ಲ. ಉಸಿರು ನಿಮಿಷಕ್ಕೆ ಎಂಟಕ್ಕೆ ಇಳಿಯಿತು. ಮೇಡಂ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ತೆಗೆದಿಟ್ಟುಕೊಂಡರು. "ಇದು ಸುಮ್ನೆ ಕೊಡೋ ಔಷಧಿ ಅಲ್ಲ. ಹಾವು ಕಡಿದಿಲ್ದಿದ್ರೆ ಇದೇ ಮುಳುವಾಗಬಹುದು. ನಿಮ್ಮ ಮನೆಯವರು ಏನೋ ಮುಚ್ಚಿಡ್ತಿದ್ದಾರೆ. ನೀವೇ ವಿಚಾರಿಸಿ. ನಿಮ್ಮ ಹತ್ರ ಆದ್ರೆ ಎಲ್ರೂ ಬಾಯಿ ಬಿಡ್ತಾರೆ."

ಅವರು ಹೆಂಡತಿಯನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಹೌದು, ಹೋದರು. ಸ್ಟೂಲಿನ ಮೇಲೆ ಕೂರಿಸಿದರು. ನಲ್ಲಿ ತಿರುಗಿಸಿದರು, ಬೆನ್ನು ಹಾಕಿದರು, ಕೈ ತೊಳೆಯತೊಡಗಿದರು. ಬಾಯಿಗೆ ಅದೇ ಮಾತು ತಾನಾಗಿ ಬಂತು.

"ಬೈಯಲ್ಲ. ಯಾರಿಗೂ ಹೇಳಲ್ಲ. ಇನ್ನೇನು ಕೊಟ್ಟೆ?"

"ಏನೂ ಇಲ್ಲ ಕಣ್ರೀ."

"ಯೋಚ್ನೆ ಮಾಡಿ ಹೇಳು."

ಆಕೆ ಯೋಚಿಸಿದರು. ಇಪ್ಪತ್ತೆರಡು ವರ್ಷದ ಅನುಭವಸ್ಥ ಕೇಳುತ್ತಿದ್ದಾನೆಂದರೆ ತಾನು ಏನೋ ಮಾಡಿಯೇ ಇರಬೇಕು. "ಇಲಿ ಪಾಷಾಣ ಮುಟ್ಟಿದ ಕೈ ತೊಳೀಲಿಲ್ವೇನೋ. ಇಲ್ಲ, ಫಿನಾಯಿಲ್ ಬಟ್ಟಲಲ್ಲಿ ನೀರು ಇಟ್ನೇನೋ." ಆಮೇಲೆ ಮುಖ ಮುಚ್ಚಿಕೊಂಡು ಅಂದರು, "ನಂಗೆ ಏನೂ ಹೊಳೀತಿಲ್ಲ ರೀ. ನಾನು ಏನು ಕೊಟ್ಟೆ ಅಂತ ನೀವೇ ಹೇಳಿಬಿಡಿ. ಹೂಂ ಅಂತೀನಿ. ದೊರೆ ಬದುಕಲಿ."

ನಲ್ಲಿ ಹರಿಯುತ್ತಲೇ ಇತ್ತು. ಅದನ್ನು ನಿಲ್ಲಿಸದೆ ಕಾಂಪೌಂಡರ್ ಹೊರಗೆ ನಡೆದು, ಜೇಬಿನ ಡಬ್ಬಿಯನ್ನು ಮೇಡಂ ಎದುರಿನ ಮೇಜಿನ ಮೇಲೆ ಸುರಿದರು.

"ಫಿಟ್ಸ್ ಮಾತ್ರೆ ಮೇಡಂ. ನಾನು ತಗೊಳ್ಳೋದು. ಎಂಟು ಹೋಗಿದೆ."

ಮೇಡಂ ಗಡಿಯಾರ ನೋಡಿದರು. "ದೊರೆ ಬಂದು ನಲವತ್ತು ನಿಮಿಷ," ಎಂದರು. ಇಂಜೆಕ್ಷನ್ ಪಕ್ಕಕ್ಕೆ ಸರಿಯಿತು. ಗಂಟಲಿಗೆ ಕೊಳವೆ ಇಳಿಸಿ ಹೊಟ್ಟೆಗೆ ವಿಷ ಹೀರುವ ಇದ್ದಿಲಪುಡಿಯ ನೀರು ಹಾಕಿದರು, ರಕ್ತಕ್ಕೆ ಡ್ರಿಪ್ ಏರಿಸಿದರು, ಕಂಬಳಿ ಹೊದಿಸಿ ಉಸಿರು ಎಣಿಸುತ್ತಾ ಕೂತರು. ಆಗ ತಲೆ ಎತ್ತದೆಯೇ, "ನನಗೆ ಹೇಳಿದ್ದು ಸಾಕು. ಅಲ್ಲಿ ಕೂತಿದ್ದಾರಲ್ಲ, ಅವರಿಗೆ ಹೇಳಿ ಬನ್ನಿ," ಎಂದರು.

ಬೆಂಚಿನ ಹತ್ತಿರ ತಾಯಿ, ಹಿಂದಿನ ಕೋಣೆಯಿಂದ ಎದ್ದು ಬಂದಿದ್ದ ಹೆಂಡತಿ ಸೇರಿ ಆರು ಜನ, ಎರಡು ನಾಯಿ, ಒಂದು ಮೊಲ. ಎಲ್ಲರೆದುರು ಹೇಳಿದರು. ಹೆಂಡತಿ ಮಾತ್ರೆಯ ವಿಷಯ ಕೇಳಲಿಲ್ಲ. ಮೂರು ವರ್ಷದ ವಿಷಯವನ್ನೂ ಕೇಳಲಿಲ್ಲ.

"ಆ ಕೋಣೇಲಿ ನನ್ನ ಕೇಳಿದ್ರಲ್ಲ, ಆಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮೂರನೆಯ ದಿನ ದೊರೆ ಎದ್ದಿತು. ಬೋಳು ಕಾಲುಗಳ ಮೇಲೆ ತೂರಾಡುತ್ತಾ ಬಂದು ಕಾಂಪೌಂಡರ ಅಂಗೈ ನೆಕ್ಕಿತು. ನಾಯಿ ಕ್ಷಮಿಸಿಬಿಟ್ಟಿತು ಎಂದು ಅಕ್ಕಪಕ್ಕದವರು ಕಣ್ಣೊರೆಸಿಕೊಂಡರಂತೆ. ಸುಳ್ಳು. ಕ್ಷಮಿಸಬೇಕಾದರೆ ನಡೆದದ್ದು ಗೊತ್ತಿರಬೇಕು. ಅದಕ್ಕೆ ಗೊತ್ತಿಲ್ಲ, ಅದು ಮತ್ತೆ ಕೈಯನ್ನಷ್ಟೇ ಮೂಸಿತು. ನಾಯಿಗೆ ದೊಡ್ಡ ಮನಸ್ಸಿದೆ ಎಂದು ಹೊಗಳಿ ನಾವು ತಪ್ಪಿಸಿಕೊಳ್ಳುವುದು ಇನ್ನೊಂದು ಬಗೆಯ ಕಳ್ಳತನ.

ಕಾಂಪೌಂಡರ್ ತಪ್ಪೊಪ್ಪಿಕೊಂಡು ತಾವೇ ಬರೆದುಕೊಟ್ಟ ಕಾಗದದ ಮೇಲೆ ಆರು ತಿಂಗಳು ಅಮಾನತಿನಲ್ಲಿದ್ದರು. ಮನುಷ್ಯರ ಡಾಕ್ಟರೊಬ್ಬರ ಬಳಿ ಮಾತ್ರೆ ಬಿಡಿಸಿಕೊಂಡರು. ಈಗ ಮತ್ತೆ ಕೆಲಸದಲ್ಲಿದ್ದಾರೆ, ಕಪಾಟಿನ ಬೀಗದ ಕೈ ಮಾತ್ರ ಮೇಡಂ ಬಳಿ. ಹಿಂದಿನ ಕೋಣೆಗೆ ಅವರು ಯಾರನ್ನೂ ಕರೆದೊಯ್ಯುವುದಿಲ್ಲ.

ಹೆಂಡತಿ ಮನೆ ಬಿಟ್ಟು ಹೋಗಲಿಲ್ಲ. ಜಗಳವಾಡಲಿಲ್ಲ. ಎಂದಿನಂತೆ ಅಡುಗೆ, ಎಂದಿನಂತೆ ಮಾತು. ಆದರೆ ಒಲೆಯ ಮುಂದೆ ನಿಂತಾಗ ಯಾವುದಾದರೂ ಡಬ್ಬಿ ತೆಗೆದರೆ ಮುಚ್ಚಳ ಬಿಚ್ಚಿ, ಗಂಡ ಇರುವಲ್ಲಿಗೆ ಬಂದು ತೋರಿಸುತ್ತಾರೆ. ದನಿಯಲ್ಲಿ ಕೊಂಕಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳುತ್ತಾರೆ.

"ರೀ, ಇದು ಉಪ್ಪೇ ತಾನೆ?"

ಅವರು ಎದ್ದು ಬಂದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಉಪ್ಪೇ" ಎನ್ನುತ್ತಾರೆ.