ಭಾವನ ಹಸಿರುಂಡೆ

ಬೀದಿಯವರೆಲ್ಲ ಅವನನ್ನು ಪಂಡಿತರು ಎನ್ನುತ್ತಿದ್ದರು. ಮನೆಯ ಕಿರಿ ಸೊಸೆ ಮಾತ್ರ ಮನಸ್ಸಿನಲ್ಲೇ ಭಾವನಿಗೆ ಉಂಡೆರಾಯ ಎಂದು ಹೆಸರಿಟ್ಟಿದ್ದಳು. ಐವತ್ತು ವರ್ಷದ ಬಾಳಿನಲ್ಲಿ ಅವನು ಮಾಡಿದ್ದು ಎರಡೇ ಕೆಲಸ: ಅಂಗಡಿ ತೆರೆದು ಮುಚ್ಚಿದ್ದು, ಅಪ್ಪ ಸತ್ತ ಮೇಲೆ ಅಪ್ಪನ ಕುರ್ಚಿಯಲ್ಲಿ ಕೂತದ್ದು. ಕುರ್ಚಿ ಬಂತು, ಗಡ್ಡ ಬಂತು, ಗತ್ತು ಬಂತು, ವಿದ್ಯೆಯೊಂದು ಬರಲಿಲ್ಲ.

ಅಪ್ಪ ಕಾಮಾಲೆಗೆ ಮದ್ದು ಕೊಡುತ್ತಿದ್ದ. ಗಿಡದ ಗುರುತು ಯಾರಿಗೂ ಸಿಗಬಾರದೆಂದು ಬಾಗಿಲು ಹಾಕಿಕೊಂಡು ಅರೆದು, ಉಂಡೆ ಕಟ್ಟಿಯೇ ಹೊರಗೆ ತರುತ್ತಿದ್ದ. ಹೆತ್ತ ಮಗನಿಗೂ ಹೇಳದೆ ಗುಟ್ಟನ್ನು ಹೊತ್ತುಕೊಂಡೇ ಹೋದ. ಆದರೆ ಅರೆಯುವ ಕಲ್ಲು ತೊಳೆಯುತ್ತಿದ್ದವಳು ಕಿರಿ ಸೊಸೆ. ಕಲ್ಲಿಗಂಟಿದ ಕಡ್ಡಿಗಳಲ್ಲಿ, ಎಲೆಯಡಿ ಸಾಲಾಗಿ ಸಾಸಿವೆಯಷ್ಟು ಕಾಯಿಗಳಿರುತ್ತಿದ್ದವು. ಗೋಡೆ ಬುಡದಲ್ಲಿ ತಾನೇ ಬೆಳೆಯುವ ನೆಲನೆಲ್ಲಿ. ಇದಕ್ಕೊಂದು ಬಾಗಿಲು ಬೇರೆ ಕೇಡು ಎಂದುಕೊಂಡಿದ್ದಳು.

ಭಾವನ ಕಾಲದಲ್ಲಿ ಕಲ್ಲಿಗಂಟಿದ್ದೇ ಬೇರೆ. ಎಲೆಯಡಿ ಕಾಯಿಸಾಲಿಲ್ಲ, ಕಡ್ಡಿ ಮುರಿದರೆ ಬಿಳಿ ಹಾಲು. ಪಾಪ, ಗುರುತು ತಪ್ಪಿದ್ದಾನೆ ಎಂದು ಹೇಳಹೋದರೆ, "ಕಲ್ಲು ತೊಳೆಯೋರು ತೊಳ್ಕೊಂಡಿರಿ" ಎಂದು ಓರಗಿತ್ತಿ ಬಾಯಿ ಮುಚ್ಚಿಸಿದ್ದಳು.

ಈಗ ಕಿರಿ ಸೊಸೆಯ ಸ್ವಂತ ಅಕ್ಕ ಕಣ್ಣು ಹಳದಿ ಮಾಡಿಕೊಂಡು ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಆರು ದಿನ ಉಪ್ಪಿಲ್ಲದ ಗಂಜಿ, ಬೆಳಿಗ್ಗೆ ಒಂದು ಉಂಡೆ. ತಂಗಿ ಆಸ್ಪತ್ರೆಯ ಮಾತೆತ್ತಿದರೆ ಸಾಕು, "ಇಷ್ಟು ದೊಡ್ಡವರು ಕೈಯಾರೆ ಮದ್ದು ಕೊಡ್ತಿರುವಾಗ ಬೇರೆ ಕಡೆ ಹೋದ್ರೆ ಅವಮಾನ ಮಾಡಿದ ಹಾಗಲ್ವೇನೇ?" ಎನ್ನುತ್ತಿದ್ದಳು. ಏಳನೆಯ ದಿನ ಅವಳಿಗೆ ಎದ್ದು ನಿಲ್ಲಲೂ ಆಗಲಿಲ್ಲ.

ಕಿರಿ ಸೊಸೆ ಮದ್ದಿನ ಕೋಣೆಗೆ ನುಗ್ಗಿ ಭಾವನ ಮುಂದೆಯೇ ಕಡ್ಡಿ ಮುರಿದಳು. ಹಾಲು ತೊಟ್ಟಿಕ್ಕಿತು.

"ಮಾವ ಅರೀತಿದ್ದದ್ದು ಇದಲ್ಲ ಭಾವ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗೊತ್ತು ಕಣಮ್ಮ. ಅಪ್ಪ ಎಲ್ಲಿ ಹೇಳಿದ್ರು? ಇದೂ ಹಸಿರಾಗೇ ಇದೆ. ಜನ ಹೇಗೂ ಆಸ್ಪತ್ರೆಗೂ ಹೋಗ್ತಾರೆ, ಹುಷಾರಾಗ್ತಾರೆ, ಹೆಸರು ನಂಗೆ ಬರುತ್ತೆ."

"ನಮ್ಮಕ್ಕ ಹೋಗಿಲ್ಲ. ನೀವೇ ಬಂದು ಅವಳಿಗೆ ಹೇಳಿ. ಇಲ್ಲಾಂದ್ರೆ ಹೊರಗೆ ಕೂತಿರೋರಿಗೆ ನಾನು ಹೇಳ್ತೀನಿ."

ಕಳ್ಳನಾದರೂ ಸಿಕ್ಕಿಬಿದ್ದಾಗ ತಲೆ ತಗ್ಗಿಸುತ್ತಾನೆ. ಈತ ಗಡ್ಡ ನೀವಿಕೊಂಡು, ಅಂಗಿ ಸರಿಮಾಡಿಕೊಂಡು ಹೊರಟದ್ದನ್ನು ನೋಡಿ ಅವಳಿಗೆ ಅಸಹ್ಯವಾಯಿತು. ಅಕ್ಕನ ಮಂಚದ ಪಕ್ಕ ನಿಂತು, ಹಜಾರದಲ್ಲಿ ಕಾದಿದ್ದವರಿಗೂ ಕೇಳುವ ಹಾಗೆ ಹೇಳಿದ: "ನೀವು ಪಥ್ಯ ಮುರಿದಿದ್ದೀರಿ ತಾಯಿ. ಇನ್ನು ನನ್ನ ಮದ್ದು ನಾಟಲ್ಲ. ಆಸ್ಪತ್ರೆಗೆ ಹೋಗಿ."

ಆರು ದಿನ ಉಪ್ಪನ್ನು ಕಣ್ಣಲ್ಲೂ ನೋಡದವಳು ಎರಡೂ ಕೈ ಎತ್ತಿ ಮುಗಿದಳು. ಜಗಳಕ್ಕೆ ನಿಂತರೆ ಹೊತ್ತು ಹೋಗುತ್ತದೆಂದು ತಂಗಿ ಅಕ್ಕನ ತೋಳು ಹಿಡಿದು ಎಬ್ಬಿಸಿದಳು. ಬಾಡಿಗೆ ಕಾರಿನಲ್ಲಿ ಅವಳ ಹೆಗಲಿಗೊರಗಿ ಅಕ್ಕ ಆಸ್ಪತ್ರೆಯ ಬಾಗಿಲವರೆಗೂ ಅದನ್ನೇ ಹೇಳುತ್ತಿದ್ದಳು: "ನಾನೇ ಏನೋ ತಪ್ಪು ಮಾಡಿರ್ತೀನಿ ಕಣೇ. ಅವರ ಕಾಲಿಗೆ ಬಿದ್ದು ಬರ್ಬೇಕಿತ್ತು."