ಕತ್ತಲೆ ಕೋಣೆಯ ಮಂಚ

ಹಳೆಯ ಕಲ್ಲಿನ ಮನೆಯಲ್ಲಿ ವಾಸವಿದ್ದುಕೊಂಡೇ ಅದರ ಒಳಗನ್ನೆಲ್ಲ ತಾನೇ ರಿಪೇರಿ ಮಾಡಲು ಹೊರಟಿದ್ದ ಕೊಡೆ ರಿಪೇರಿಯವನು. ಕೊಡೆಗೆ ಕಡ್ಡಿ ಕೂರಿಸಿದ ಕೈ ಮನೆಗೆ ಬಾಗಿಲು ಕೂರಿಸದೇ ಎಂಬ ಭಂಡ ಧೈರ್ಯ.

ಗಂಡಹೆಂಡಿರ ನಡುವೆ ಇದ್ದದ್ದು ಒಂದೇ ಜಗಳ: ಬೆಳಕಿರುವ ಮುಂದಿನ ಕೋಣೆ ಯಾರಿಗೆ? ಅವನಿಗೆ ಅಲ್ಲಿ ಮಂಚ ಹಾಕಿಕೊಂಡು ಬೀದಿ ನೋಡುತ್ತ ಮಲಗುವ ಆಸೆ; ಅವಳಿಗೆ ಅಲ್ಲೇ ಹೊಲಿಗೆ ಮಷೀನು ಇಡುವ ಹಟ.

ಗಾರೆ ಕೆಲಸ ಮುಗಿಯುವ ತನಕ ಇರಲೆಂದು ಬಿಚ್ಚಲು ಬಾರದಂತೆ ಬೆಸುಗೆ ಹಾಕಿದ ಅಗಲವಾದ ಕಬ್ಬಿಣದ ಮಂಚವನ್ನು ಹಿಂದಿನ ಕತ್ತಲೆ ಕೋಣೆಗೆ ಸಾಗಿಸಿದರು. ಆಮೇಲೆ, ಚಳಿಗಾಳಿ ನುಗ್ಗುತ್ತದೆಂದು ಅವನು ಆ ಕೋಣೆಯ ಬಾಗಿಲನ್ನು ಕಲ್ಲು ಕಟ್ಟಿ ಕಿರಿದು ಮಾಡಿ, ಹೊಸ ಚೌಕಟ್ಟು ಕೂರಿಸಿದ. ಮುಂದಿನ ಕೋಣೆಯ ಸುಣ್ಣ ಒಣಗಿದ ದಿನ ಮಂಚ ಎಳೆದರೆ, ಅಡ್ಡ ಹಿಡಿದರೂ ಬಾರದು, ನೆಟ್ಟಗೆ ನಿಲ್ಲಿಸಿದರೂ ಬಾರದು.

"ಅಲ್ವೇ, ಕಲ್ಲು ಎತ್ತಿಕೊಡೋವಾಗ ನಿನ್ ಕಣ್ಣಿಗೆ ಮಂಚ ಬೀಳ್ಲಿಲ್ವಾ?"

"ಬೀಳದೇ ಏನ್ರೀ? ಬಾಯಿ ಬಿಟ್ರೆ 'ಮಧ್ಯೆ ಮಾತಾಡ್ಬೇಡ' ಅಂತೀರಲ್ಲ!"

ಬಂದವರೆಲ್ಲ ಸವರಿ ಹೊಗಳಿದ್ದ ಚೌಕಟ್ಟನ್ನು ಕೀಳಲು ಅವನಿಗೆ ಜೀವ ಒಪ್ಪಲಿಲ್ಲ. ಅವಳಾಗಲೇ ಮಷೀನನ್ನು ಕಿಟಕಿಯತ್ತ ತಳ್ಳುತ್ತಿದ್ದಳು.

"ಕಂಬದ ಹಾಗೆ ನಿಂತಿದ್ದೀರಲ್ಲ, ಸ್ವಲ್ಪ ಕೈ ಕೊಡಿ."

ಕೊಟ್ಟ.